1.3 ನ್ಯಾನೋಮೀಟರ್ ಪದರವನ್ನು ಸಿಮ್ಯುಲೇಷನ್‌ನಲ್ಲಿ ಕೂರಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಎಂ.ಎಸ್ಸಿ ಭೌತಶಾಸ್ತ್ರ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿಗೆ ಮ್ಯಾಗ್ನೆಟಿಕ್ ಟನಲ್ ಜಂಕ್ಷನ್ (ತೆಳು ಆಕ್ಸೈಡಿನ ಎರಡೂ ಕಡೆ ಕಾಂತ ಪದರ ಇರುವ ಸಾಧನ) ತಗೊಂಡಿದ್ದೀನಿ. ಕೆಳಗೆ 1 ನ್ಯಾನೋಮೀಟರ್ ಕೋಬಾಲ್ಟ್-ಐರನ್-ಬೋರಾನ್ ಫಿಕ್ಸ್ಡ್ ಲೇಯರ್ (ಕಾಂತೀಕರಣದ ದಿಕ್ಕು ಬದಲಾಗದ ಪದರ), ನಡುವೆ 0.9 ಮೆಗ್ನೀಸಿಯಂ ಆಕ್ಸೈಡ್, ಮೇಲೆ 1.3 ಫ್ರೀ ಲೇಯರ್ (ದಿಕ್ಕು ತಿರುಗಬಲ್ಲ ಪದರ). ಜಂಕ್ಷನ್ ಬಿಲ್ಲೆಯ ಆಕಾರದ್ದು, ಅಡ್ಡಗಲ 40 ನ್ಯಾನೋಮೀಟರ್. ಪದರಗಳನ್ನು ಚಿಕ್ಕ ಚಿಕ್ಕ ಸೆಲ್‌ಗಳಾಗಿ ಹಂಚಿ ಲೆಕ್ಕ ಹಾಕುವ ಮುಮ್ಯಾಕ್ಸ್3 ಸಾಫ್ಟ್‌ವೇರಿನಲ್ಲಿ ಸೆಲ್ ದಪ್ಪ 0.1 ಕೊಟ್ಟರೆ ಒಂದೊಂದು ಕರೆಂಟಿಗೂ ಗಂಟೆಗಟ್ಟಲೆ ಹಿಡಿಯುತ್ತೆ. 1 ಕೊಟ್ಟರೆ 1.3 ಅನ್ನು ಒಂದೋ ಎರಡೋ ಸೆಲ್ ಮಾಡಬೇಕು, ಎರಡಕ್ಕೂ ಬೇರೆ ಬೇರೆ ಉತ್ತರ ಬರ್ತಿದೆ. ಯಾವುದನ್ನು ನಂಬಲಿ? ಬೇರೆ ಸಾಫ್ಟ್‌ವೇರ್ ಹಿಡಿಯಲೇ?

ಉತ್ತರ: ಎರಡನ್ನೂ ನಂಬಬೇಡಿ. ಸಾಫ್ಟ್‌ವೇರ್ ಬದಲಿಸುವ ಮೊದಲು ಒಂದು ಕಾಗದ ತಗೊಂಡು ಈ ಲೆಕ್ಕ ಮಾಡಿ ನೋಡಿ.

ನಿಮ್ಮ ಪದರದಲ್ಲಿ ಕಾಂತೀಕರಣ ಮೇಲ್ಮುಖವಾಗಿ ನಿಲ್ಲುವುದಕ್ಕೆ ಕಾರಣ ಆಕ್ಸೈಡ್ ತಾಗುವ ಮೇಲ್ಮೈಯ ಅನೈಸೋಟ್ರೊಪಿ, ಅಂದರೆ ಒಂದು ದಿಕ್ಕನ್ನೇ ಹೆಚ್ಚು ಬಯಸುವ ಗುಣ. 2010ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡ ಇದೇ ಗುಣ ಬಳಸಿ 40 ನ್ಯಾನೋಮೀಟರ್ ಜಂಕ್ಷನ್ ಮಾಡಿ ತೋರಿಸಿತು. ಈ ಅನೈಸೋಟ್ರೊಪಿಯ ಮೌಲ್ಯ ಚದರ ಮೀಟರಿಗೆ ಸುಮಾರು 1.3 ಮಿಲಿಜೂಲ್ ಅಂತ ಇಟ್ಟುಕೊಳ್ಳಿ. ಇದು ಮೇಲ್ಮೈಗೆ ಸೇರಿದ ಶಕ್ತಿ, ಹಾಗಾಗಿ ಘನಗಾತ್ರಕ್ಕೆ ತರಲು ದಪ್ಪದಿಂದ ಭಾಗಿಸಬೇಕು. ದಪ್ಪ 1.3 ಇದ್ದರೆ ಘನ ಮೀಟರಿಗೆ 10 ಲಕ್ಷ ಜೂಲ್. ಇದಕ್ಕೆ ಎದುರಾಗಿ ಡಿಮ್ಯಾಗ್ನೆಟೈಸೇಷನ್, ಅಂದರೆ ಪದರದ ಸ್ವಂತ ಕಾಂತಕ್ಷೇತ್ರ, ಕಾಂತೀಕರಣವನ್ನು ಪದರದೊಳಕ್ಕೆ ಮಲಗಿಸಲು ನೋಡುತ್ತದೆ. ಸ್ಯಾಚುರೇಷನ್ (ಗರಿಷ್ಠ ಕಾಂತೀಕರಣ) ಮೀಟರಿಗೆ 12 ಲಕ್ಷ ಆಂಪಿಯರ್ ಆದರೆ ಅದು ಸುಮಾರು 9 ಲಕ್ಷ ಜೂಲ್. ಉಳಿಯುವುದು ಬರೀ 1 ಲಕ್ಷ.

ಈಗ ದಪ್ಪವನ್ನು 1 ಅಂತ ಬರೆದರೆ 13 ಲಕ್ಷದಲ್ಲಿ 9 ಹೋಗಿ 4 ಲಕ್ಷ ಉಳಿಯುತ್ತೆ, ನಾಲ್ಕು ಪಟ್ಟು! 2 ಅಂತ ಬರೆದರೆ ಆರೂವರೆ ಲಕ್ಷದಲ್ಲಿ 9 ಕಳೆಯಬೇಕು, ಚಿಹ್ನೆಯೇ ಮೈನಸ್ ಆಗಿ ಕಾಂತೀಕರಣ ಅಡ್ಡ ಮಲಗುತ್ತೆ. ಅಂದರೆ ನೀವು ಎರಡು ಬೇರೆ ಸಾಧನಗಳನ್ನೇ ಓಡಿಸಿದ್ದೀರಿ. (ಇದು ಅಗಲವಾದ ಫಿಲ್ಮಿನ ಲೆಕ್ಕ. 40ರ ಬಿಲ್ಲೆಯಲ್ಲಿ ಡಿಮ್ಯಾಗ್ನೆಟೈಸೇಷನ್ ಸ್ವಲ್ಪ ಕಡಿಮೆ ಇರುತ್ತೆ, ಆದರೆ ಕಥೆ ಇದೇ.)

0.1 ಯಾಕೆ ಅಷ್ಟು ನಿಧಾನ ಅಂದರೆ, ಸೆಲ್‌ಗಳು 32 ಪದರ ಆಗುವುದು ಕಾರಣದ ಒಂದು ಭಾಗ ಮಾತ್ರ. ಎಕ್ಸ್‌ಚೇಂಜ್ ಬಲ (ಅಕ್ಕಪಕ್ಕದ ಸೆಲ್‌ಗಳ ಕಾಂತೀಕರಣವನ್ನು ಒಂದೇ ದಿಕ್ಕಿಗೆ ಎಳೆಯುವ ಬಲ) ಸೆಲ್ ಅಳತೆಯ ವರ್ಗಕ್ಕೆ ವಿಲೋಮ. 1.3ರಿಂದ 0.1ಕ್ಕೆ ಇಳಿದರೆ ಆ ದಿಕ್ಕಿನಲ್ಲಿ 169 ಪಟ್ಟು ಬಿಗಿ. ಸಾಲ್ವರ್ ಅಷ್ಟಕ್ಕೆ ತಕ್ಕಂತೆ ಸಮಯದ ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳುತ್ತೆ. ಅಷ್ಟು ಸಣ್ಣ ಸೆಲ್ ಇಲ್ಲಿ ಬೇಕಾಗಿಯೂ ಇಲ್ಲ. ಈ ವಸ್ತುವಿನ ಎಕ್ಸ್‌ಚೇಂಜ್ ಉದ್ದ (ಕಾಂತೀಕರಣ ಹೆಚ್ಚು ಬದಲಾಗದೆ ಉಳಿಯುವ ದೂರ) ನಾಲ್ಕು ನ್ಯಾನೋಮೀಟರಿನ ಆಸುಪಾಸು, ಪದರ ಅದಕ್ಕಿಂತ ತೆಳು. ದಪ್ಪಕ್ಕೆ ಒಂದೇ ಸೆಲ್ ಸಾಕು.

ಮುಮ್ಯಾಕ್ಸ್3ನಲ್ಲೇ ಮುಂದುವರಿಯುವುದಾದರೆ ನಾನು ಮಾಡುವುದು ಹೀಗೆ. ಫ್ರೀ ಲೇಯರ್ ಒಂದನ್ನೇ 1.3 ದಪ್ಪದ ಒಂದು ಸೆಲ್ ಆಗಿ ಇಡಿ. ಫಿಕ್ಸ್ಡ್ ಲೇಯರನ್ನು ಬೇರೆ ಸ್ಕ್ರಿಪ್ಟಿನಲ್ಲಿ 0.1 ಸೆಲ್‌ನಲ್ಲಿ ಇಟ್ಟು, ಕಾಲವನ್ನು ಓಡಿಸದೆ ಡಿಮ್ಯಾಗ್ ಕ್ಷೇತ್ರವನ್ನಷ್ಟೇ ಸೇವ್ ಮಾಡಿ. ಅದು ಕ್ಷಣದ ಕೆಲಸ. ಫ್ರೀ ಲೇಯರ್ ಬರುವ ಜಾಗದ 13 ಸೆಲ್‌ಗಳ ಸರಾಸರಿಯನ್ನು ಪೈಥಾನ್‌ನಲ್ಲಿ ತೆಗೆದು, ಮೊದಲ ಸ್ಕ್ರಿಪ್ಟಿಗೆ ಹೊರಗಿನ ಕ್ಷೇತ್ರವಾಗಿ ಸೇರಿಸಿ. ಅಡ್ಡ-ಉದ್ದದ ಗ್ರಿಡ್ ಎರಡರಲ್ಲೂ ಒಂದೇ ಇರಲಿ.

ಪ್ರಶ್ನೆ: ಅರ್ಥವಾಯಿತು ಮೇಡಂ, ತುಂಬಾ ಧನ್ಯವಾದ. ಆದರೆ ಫಿಕ್ಸ್ಡ್ ಲೇಯರಿನ ಕಾಂತೀಕರಣ ಕೂಡ ಅಲ್ಲಾಡಿದರೆ?

ಉತ್ತರ: ಒಳ್ಳೆ ಪ್ರಶ್ನೆ. ಆಗ ಈ ಉಪಾಯ ನಡೆಯಲ್ಲ, ಬೋರಿಸ್ ಎಂಬ ಸಾಫ್ಟ್‌ವೇರ್ ನೋಡಿ. ಇಂಗ್ಲೆಂಡಿನ ಸೆಂಟ್ರಲ್ ಲಂಕಾಷೈರ್ ವಿಶ್ವವಿದ್ಯಾಲಯದ ಸೆರ್ಬಾನ್ ಲೆಪಡಾಟು ಬರೆದದ್ದು, ಮುಕ್ತ ತಂತ್ರಾಂಶ. ಅದರಲ್ಲಿ ಪ್ರತಿ ಪದರವೂ ತನ್ನದೇ ಸೆಲ್ ಅಳತೆಯ ಪ್ರತ್ಯೇಕ ಮೆಶ್. ದಪ್ಪಗಳು ಒಂದಕ್ಕೊಂದು ಹೊಂದದಿದ್ದರೂ ಪದರಗಳ ನಡುವಿನ ಡಿಮ್ಯಾಗ್ ಕ್ಷೇತ್ರವನ್ನು ಕಾನ್ವಲ್ಯೂಷನ್‌ನಿಂದಲೇ ಲೆಕ್ಕ ಹಾಕುತ್ತೆ. ಕರೆಂಟ್ ಮತ್ತು ಸ್ಪಿನ್ ಶೇಖರಣೆಯನ್ನು ಪದರ ಪದರಕ್ಕೂ ಬಿಡಿಸುತ್ತೆ, ಮುಮ್ಯಾಕ್ಸ್3ನಲ್ಲಿ ಕರೆಂಟನ್ನು ನೀವೇ ಕೊಡಬೇಕು. ಮುಂದೆ ಸ್ಪಿನ್ ಕರೆಂಟ್ ಕೊಡುವ ಟ್ಯಾಂಟಲಂ ಅಥವಾ ಟಂಗ್‌ಸ್ಟನ್ ಪದರ ಸೇರಿಸುವ ಯೋಚನೆ ಇದ್ದರೆ ಈಗಲೇ ಕಲಿಯುವುದು ಒಳ್ಳೆಯದು.

ಇನ್ನೊಬ್ಬ ಸದಸ್ಯರು: ನನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಕಾರ್ಡ್ (ಮುಮ್ಯಾಕ್ಸ್3ಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್) ಇಲ್ಲ. ನನಗೆ ಬೇಕಿರುವುದು ಎರಡು ಪದರದ ರೆಸೊನೆನ್ಸ್ ಆವರ್ತನ ಅಷ್ಟೇ.

ಉತ್ತರ: ಹಾಗಾದರೆ ಸೆಲ್‌ಗಳ ಗೊಡವೆಯೇ ಬೇಡ. ಪೋಲೆಂಡಿನ ಕ್ರಾಕೊವ್‌ನ ಎಜಿಎಚ್ ವಿಶ್ವವಿದ್ಯಾಲಯದವರ ಸಿಎಂಟಿಜೆ ಸಾಫ್ಟ್‌ವೇರ್ ಪ್ರತಿ ಪದರವನ್ನೂ ಒಂದೇ ದೊಡ್ಡ ಸ್ಪಿನ್ ಎಂದು ಹಿಡಿಯುತ್ತೆ. ಪೈಥಾನ್‌ನಿಂದ ಓಡಿಸಬಹುದು, ಸಾಮಾನ್ಯ ಪ್ರೊಸೆಸರ್ ಸಾಕು. ನಡುವೆ ರುಥೇನಿಯಂ ಪದರ ಇದ್ದರೆ ಅದರ ಮೂಲಕ ಬರುವ ಕಪ್ಲಿಂಗ್ (ಎರಡು ಕಾಂತ ಪದರಗಳ ಬೆಸುಗೆ) ಒಂದು ಸಂಖ್ಯೆಯಾಗಿ ಹೋಗುತ್ತೆ. ಅಗಲವಾದ ಬಿಲ್ಲೆಯಲ್ಲಿ ತಿರುಗುವಿಕೆ ಅಂಚಿನಿಂದ ಶುರುವಾಗುವುದನ್ನು ನೋಡಬೇಕಾದರೆ ಮಾತ್ರ ಇದು ಆಗದು. ಆಗ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಊಂಫ್ (OOMMF) ಎಂಬ ಸೆಲ್ ಲೆಕ್ಕದ ಸಾಫ್ಟ್‌ವೇರ್ ಇದೆ, ಅದಕ್ಕೂ ಕಾರ್ಡ್ ಬೇಡ.

ಪ್ರಶ್ನೆ: ಕೊನೆಯದು ಮೇಡಂ. ನನ್ನ ಸ್ಕ್ರಿಪ್ಟ್ ಸರಿ ಅಂತ ಗೈಡಿಗೆ ಹೇಗೆ ತೋರಿಸಲಿ?

ಉತ್ತರ: ಎನ್‌ಐಎಸ್‌ಟಿಯ ಸ್ಟ್ಯಾಂಡರ್ಡ್ ಪ್ರಾಬ್ಲಮ್ 4 ಎಂಬ ಪರೀಕ್ಷಾ ಲೆಕ್ಕ ಮೊದಲು ಮಾಡಿ. 500 × 125 × 3 ನ್ಯಾನೋಮೀಟರ್ ಪರ್ಮಲಾಯ್ (ನಿಕ್ಕಲ್-ಕಬ್ಬಿಣದ ಮಿಶ್ರಲೋಹ) ಪಟ್ಟಿ, ಡ್ಯಾಂಪಿಂಗ್ (ಕಾಂತೀಕರಣದ ಓಲಾಟ ಎಷ್ಟು ಬೇಗ ನಿಲ್ಲುತ್ತೆ ಎಂಬ ಅಂಕಿ) 0.02. ಬೇರೆ ಬೇರೆ ತಂಡಗಳ ಗ್ರಾಫ್‌ಗಳು ಅವರ ಜಾಲತಾಣದಲ್ಲೇ ಇವೆ, ನಿಮ್ಮದನ್ನು ಮೇಲಿಟ್ಟು ನೋಡಿ. ಪಿಎಚ್‌ಡಿ ಮೊದಲ ವರ್ಷ ನಾನು ಇದನ್ನು ಬಿಟ್ಟಿದ್ದೆ. ಬೇಗ ನೆಲೆಗೊಳ್ಳಲಿ ಎಂದು 0.5 ಕೊಟ್ಟಿದ್ದ ಡ್ಯಾಂಪಿಂಗ್ ಸ್ವಿಚಿಂಗ್ ಸ್ಕ್ರಿಪ್ಟಿನಲ್ಲೂ ಹಾಗೇ ಉಳಿದು, ಎರಡು ತಿಂಗಳ ಡೇಟಾ ಎಸೆಯಬೇಕಾಯಿತು. ಸ್ಪಿನ್ ಟಾರ್ಕಿನಲ್ಲಿ (ಕರೆಂಟಿನಿಂದ ಕಾಂತೀಕರಣ ತಿರುಗಿಸುವಾಗ) ಬೇಕಾಗುವ ಕರೆಂಟ್ ಡ್ಯಾಂಪಿಂಗಿಗೆ ನೇರ ಅನುಪಾತದಲ್ಲಿ ಏರುತ್ತೆ. ರಿಲ್ಯಾಕ್ಸ್ (ನೆಲೆಗೊಳಿಸುವ ಹಂತ) ಮುಗಿದ ಸಾಲಿನ ಕೆಳಗೇ ಡ್ಯಾಂಪಿಂಗಿನ ನಿಜವಾದ ಬೆಲೆಯನ್ನು ಮತ್ತೆ ಬರೆಯಿರಿ.