ಸ್ಕೇಪ್‌ಗೋಟ್: ‘ಬಲಿಪಶು’ ಒಪ್ಪುತ್ತದೆಯೇ?

ಗೆಳೆಯರೇ,

ಮೊನ್ನೆ ಒಂದು ವರದಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಮೇಲಿನವರ ಎಡವಟ್ಟಿಗೆ ಗುಮಾಸ್ತನೊಬ್ಬ ಸಸ್ಪೆಂಡ್ ಆದ ಕತೆ. ‘ಸ್ಕೇಪ್‌ಗೋಟ್’ (ಪರರ ತಪ್ಪನ್ನು ತಲೆಗೆ ಕಟ್ಟಿಸಿಕೊಂಡವ) ಬಂದ ಕಡೆ ಕೈ ತಾನಾಗಿಯೇ ‘ಬಲಿಪಶು’ ಎಂದು ಟೈಪಿಸಿತು. ಆಮೇಲೆ ಯಾಕೋ ಸರಿಕಾಣಲಿಲ್ಲ. ಚೀಟಿ ವ್ಯವಹಾರದಲ್ಲಿ ದುಡ್ಡು ಕಳಕೊಂಡವರನ್ನೂ ನಾವು ಬಲಿಪಶು ಅಂತಲೇ ಬರೆಯುತ್ತೇವಲ್ಲ, ಅವರ ಮೇಲೆ ಯಾರೂ ತಪ್ಪು ಹೊರಿಸಿರುವುದಿಲ್ಲ.

ಮೂಲ ಇರುವುದು ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ. ದೋಷಪರಿಹಾರದ ದಿನ ಎರಡು ಹೋತಗಳನ್ನು ತಂದು ಚೀಟು ಹಾಕುತ್ತಾರೆ. ದೇವರ ಪಾಲಿಗೆ ಬಂದದ್ದನ್ನು ಕೊಯ್ಯುತ್ತಾರೆ. ಇನ್ನೊಂದು ‘ಅಜಾಜೇಲ್‌’ಗೆ. ಮಹಾಯಾಜಕ ಆರೋನ ಅದರ ತಲೆಯ ಮೇಲೆ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಒಪ್ಪಿಕೊಂಡು, ಒಬ್ಬಾಳಿನ ಜೊತೆ ಅಡವಿಗೆ ಅಟ್ಟಿಸುತ್ತಾನೆ. ಅಂದರೆ ಬಲಿಯಾದದ್ದು ಮೊದಲನೆಯ ಹೋತ. ನಮ್ಮ ಸ್ಕೇಪ್‌ಗೋಟ್ ಜೀವಂತ ಹೊರಟದ್ದು! (ಮುಂದೆ ಅದನ್ನೂ ಬಂಡೆಯಿಂದ ತಳ್ಳುತ್ತಿದ್ದರೆಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹ ಮಿಶ್ನಾ ಹೇಳುತ್ತದೆ, ಪಾಪ.)

ಇಂಗ್ಲಿಷ್ ಪದ ಕಟ್ಟಿದವನು ವಿಲಿಯಂ ಟಿಂಡೇಲ್, 1530ರ ತನ್ನ ಬೈಬಲ್ ಅನುವಾದದಲ್ಲಿ. ಹೀಬ್ರೂವಿನ ‘ಅಜಾಜೇಲ್’ ಅನ್ನು ‘ಏಜ್’ ಅಂದರೆ ಮೇಕೆ, ‘ಓಜೇಲ್’ ಅಂದರೆ ಹೋಗುವಂಥದು ಎಂದು ಬಿಡಿಸಿಕೊಂಡು, ‘ಎಸ್ಕೇಪ್‌’ನ ಮೊಟಕು ರೂಪಕ್ಕೆ ‘ಗೋಟ್’ ಅಂಟಿಸಿದ. ಹಳೆಯ ಗ್ರೀಕ್, ಲ್ಯಾಟಿನ್ ಅನುವಾದಗಳ ಜಾಡೂ ಇದೇ. ಆದರೆ ಅಜಾಜೇಲ್ ಅಡವಿಯ ಭೂತವೊಂದರ ಹೆಸರು ಎನ್ನುವ ವಿದ್ವಾಂಸರು ಬಹಳ. ಹಾಗಿದ್ದರೆ ಪದ ಹುಟ್ಟಿದ್ದೇ ತಪ್ಪು ಓದಿನಿಂದ. ನನಗಂತೂ ಇದೇ ಖುಷಿಯ ಸಂಗತಿ.

ಇನ್ನು ಕನ್ನಡಕ್ಕೆ ಬಂದರೆ, ಕೆಲವರು ‘ಹರಕೆಯ ಕುರಿ’ ಅನ್ನುತ್ತಾರೆ. ಬಸವಣ್ಣನವರ ವಚನದಲ್ಲಿ ಆ ಕುರಿ ತೋರಣದ ತಳಿರನ್ನು ಮೇಯುತ್ತದೆ. ಅಲ್ಲಿರುವುದು ಸಾವು ಹತ್ತಿರವಿದ್ದರೂ ಅರಿಯದ ಸ್ಥಿತಿ, ಪರರ ಪಾಪದ ಹೊರೆಯಲ್ಲ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಅರ್ಥಕ್ಕೆ ತೀರ ಹತ್ತಿರ, ಆದರೆ ಗುಮಾಸ್ತನನ್ನು ಎಮ್ಮೆ ಅಂದರೆ ಓದುಗರು ಬೇರೆಯೇ ತಿಳಿದಾರು. ‘ಪಾಪದ ಹೋತ’ ಅಂದುಕೊಂಡೆ. ಕರಾವಳಿಯ ಕಡೆ ‘ಪಾಪದ’ ಅಂದರೆ ಸಾಧು, ಬಡಪಾಯಿ. ಎರಡೂ ಅರ್ಥ ಕೂಡಿ ಬರುವುದು ಚೆಂದವೇ, ಆದರೆ ಬಯಲುಸೀಮೆಯವರಿಗೆ ದಾಟೀತೇ?

ಕ್ರಿಯಾಪದಕ್ಕೆ ತೊಂದರೆಯಿಲ್ಲ. ‘ತಪ್ಪನ್ನು ಅವನ ತಲೆಗೆ ಕಟ್ಟಿದರು’ ಅಂದರೆ ಆರೋನನ ಕೈಯೇ ಕಂಡಂತಾಗುತ್ತದೆ. ಸಿಗದಿರುವುದು ನಾಮಪದ. ನಿಮ್ಮ ಊರಿನ ಕಡೆ, ಊರ ಮಾರಿಯನ್ನು ಗಡಿ ದಾಟಿಸುವ ಆಚರಣೆಗಳಲ್ಲಿ, ಹೀಗೆ ಹೊತ್ತು ಹೋಗುವ ಪ್ರಾಣಿಗೋ ಗೊಂಬೆಗೋ ಹೆಸರಿದೆಯೇ?