ಹಳೇ ತೊಟ್ಟಿ ಮನೆಯ ಮಣ್ಣಿನ ಗೋಡೆ: ಬುಡದಲ್ಲಿ ತೇವ, ಮತ್ತೆ ಸಿಮೆಂಟ್ ಮಾಡಿಸಬಹುದಾ?

ಪ್ರಶ್ನೆ:
ಕೋಲಾರದ ಹತ್ತಿರದ ಮನೆ. ಕಲ್ಲಿನ ತಳಪಾಯ, 18 ಇಂಚಿನ ಮಣ್ಣಿನ ಗೋಡೆ. ಮೇಲಿನ ಸಿಮೆಂಟ್ ಗಾರೆ 3 ಅಡಿವರೆಗೆ ಉಬ್ಬಿ ಉದುರುತ್ತಿದೆ. ಅದೇ ಗೋಡೆಗೆ ಬಚ್ಚಲಿನ ಟೈಲ್ಸ್, ಗೀಸರ್ ಬರಬೇಕು.

ಉತ್ತರ 1:
ಸಿಮೆಂಟ್ ಬೇಡವೇ ಬೇಡ ಸರ್. ನೆಲದಿಂದ ಏರಿದ ತೇವ ಗೋಡೆಯ ಮೈಯಿಂದಲೇ ಆರಿಹೋಗಬೇಕು. ಸಿಮೆಂಟ್ ಅದನ್ನು ತಡೆಯುತ್ತೆ, ಉಪ್ಪು ಒಳಗೇ ಕಟ್ಟಿ ಪದರವನ್ನು ಹೊರಗೆ ತಳ್ಳುತ್ತೆ. ಉಬ್ಬಿದ್ದಕ್ಕಿಂತ 1 ಅಡಿ ಮೇಲಿನವರೆಗೂ ಕೆತ್ತಿಸಿ, ತಿಂಗಳಾದರೂ ಆರಲು ಬಿಡಿ. ಆಮೇಲೆ 15 ದಿನ ನೀರಲ್ಲಿ ನೆನೆದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು. ಎರಡು ಕೋಟ್, ಒಂದೊಂದೂ 10 ಮಿ.ಮೀ. ಮೀರಬಾರದು. ನಮ್ಮ ಕಡೆ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡುತ್ತೆ. 7 ದಿನ ಒದ್ದೆ ಗೋಣಿ ಇಳಿಬಿಡಿ. ಕೊನೆಗೆ ಸುಣ್ಣವನ್ನೇ ಬಳಿಯಿರಿ. ಎಮಲ್ಷನ್ ಪೇಂಟ್ ಹಚ್ಚಿದರೆ ಅದೂ ತೇವ ಆರದಂತೆ ತಡೆಯುತ್ತೆ, ಅಷ್ಟೂ ಕೆಲಸ ವ್ಯರ್ಥ.

ಉತ್ತರ 2:
ಅದಕ್ಕೂ ಮೊದಲು ಹೊರಗೆ ನೋಡಿ. ರಸ್ತೆ ಎತ್ತರಿಸಿ, ಮಣ್ಣು ತಳಪಾಯದ ಕಲ್ಲು ದಾಟಿದ್ದರೆ ಯಾವ ಗಾರೆಯೂ ನಿಲ್ಲಲ್ಲ.

ಉತ್ತರ 3:
ಬಚ್ಚಲಿಗೆ ಮಣ್ಣಿನ ಗೋಡೆ ಕೊರೆಯಬೇಡಿ. 2 ಇಂಚು ಸಂದು ಬಿಟ್ಟು ಇಟ್ಟಿಗೆ ಗೋಡೆ ಕಟ್ಟಿ, ಟೈಲ್ಸ್, ಗೀಸರ್ ಅದಕ್ಕೆ. ಸಂದಿನ ಮೇಲ್ಭಾಗ ತೆರೆದಿರಲಿ, ಗಾಳಿಯಾಡಬೇಕು. ಪೈಪ್ ಹೂಳದೆ ಹೊರಗೇ ಕ್ಲಾಂಪ್ ಹಾಕಿಸಿ, ಸೋರಿದರೆ ತಕ್ಷಣ ಕಾಣುತ್ತೆ.