ಅಪ್‌ಡೇಟ್: ಹ್ಯೂಸ್ಟನ್ ಮನೆಗೆ ಡಿಹ್ಯೂಮಿಡಿಫೈಯರ್ ಹಾಕಿಸಿದ ಮೇಲೆ

ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿರುವ ನಮ್ಮ ಮನೆಯಲ್ಲಿ ಸೆಂಟ್ರಲ್ ಎ.ಸಿ. ಇದ್ದರೂ ತೇವಾಂಶ ಶೇ. 65ಕ್ಕಿಂತ ಕೆಳಗಿಳಿಯುತ್ತಿಲ್ಲವೆಂದೂ, ಇಡೀ ಮನೆಗೊಂದು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಿಸುವುದಾದರೆ ಅದರ ಒಣಗಾಳಿಯನ್ನು ಎ.ಸಿ.ಯ ಯಾವ ಡಕ್ಟ್‌ಗೆ (ಗಾಳಿಕೊಳವೆಗೆ) ಜೋಡಿಸಬೇಕೆಂದೂ ಏಪ್ರಿಲ್‌ನಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಯಂತ್ರ ಈಗ ಅಟ್ಟದಲ್ಲಿ ಕೆಲಸ ಮಾಡುತ್ತಿದೆ.

ಮೊದಲು ಬಂದ ಗುತ್ತಿಗೆದಾರರು, ಕೆಲಸ ಸುಲಭವೆಂಬ ಕಾರಣಕ್ಕೆ, ಮನೆಯ ಗಾಳಿಯನ್ನು ಎ.ಸಿ.ಗೆ ಒಯ್ಯುವ ರಿಟರ್ನ್ ಡಕ್ಟ್‌ಗೇ ಜೋಡಿಸುವುದಾಗಿ ಹೇಳಿದರು. ಆದರೆ ನಿಮ್ಮಲ್ಲಿ ಕೆಲವರು ಎಚ್ಚರಿಸಿದ್ದಂತೆ, ಹಾಗೆ ಮಾಡಿದರೆ ಬೆಚ್ಚಗಿನ ಒಣಗಾಳಿಯು ಎ.ಸಿ.ಯೊಳಗೆ ಗಾಳಿಯನ್ನು ತಂಪಾಗಿಸುವ ಕೂಲಿಂಗ್ ಕಾಯಿಲ್‌ನ ಮೇಲೆ ಹಾದು, ಎ.ಸಿ. ನಿಂತಾಗ ಅಲ್ಲಿ ಉಳಿದಿರುವ ನೀರನ್ನು ಮತ್ತೆ ಆವಿಯಾಗಿಸಿ ಮನೆಯೊಳಕ್ಕೇ ತರುತ್ತದೆ. ಆದ್ದರಿಂದ ನಡುಮನೆಯ ಚಾವಣಿಯಿಂದ ಪ್ರತ್ಯೇಕ ರಿಟರ್ನ್ ತೆಗೆದು, ಒಣಗಾಳಿಯನ್ನು ಕಾಯಿಲ್ ದಾಟಿದ ನಂತರ ಕೋಣೆಗಳಿಗೆ ಗಾಳಿ ಒಯ್ಯುವ ಸಪ್ಲೈ ಡಕ್ಟ್‌ಗೆ ಸೇರಿಸಿ, ಗಾಳಿ ಹಿಂದಕ್ಕೆ ಹರಿಯದಂತೆ ಡ್ಯಾಂಪರ್ ಹಾಕಿಸಿದೆವು. ಯಂತ್ರದಡಿಯ ತಟ್ಟೆಯಲ್ಲಿ ನೀರು ತುಂಬಿದರೆ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೂಡ ಇದೆ. ಅಟ್ಟದಲ್ಲಿಡುವವರು ಇದರಲ್ಲಿ ಉಳಿತಾಯ ಮಾಡಬೇಡಿ.

ಒಂದು ತಪ್ಪೊಪ್ಪಿಗೆ: ಥರ್ಮೋಸ್ಟಾಟ್‌ನ ಫ್ಯಾನ್ ಇಷ್ಟು ದಿನ ‘ಆನ್’ನಲ್ಲೇ ಇತ್ತು; ಹೀಗಾಗಿ ತಂಪಾಗಿಸುವುದು ನಿಂತಾಗಲೂ ಅದು ತಿರುಗುತ್ತಾ ಕಾಯಿಲ್‌ನ ನೀರನ್ನು ಮತ್ತೆ ಮನೆಯೊಳಕ್ಕೆ ತರುತ್ತಿತ್ತು. ‘ಆಟೋ’ಗೆ ಬದಲಿಸಿದ ವಾರದಲ್ಲೇ, ಯಂತ್ರ ಬರುವ ಮೊದಲೇ, ತೇವಾಂಶ ಶೇ. 61ಕ್ಕೆ ಇಳಿದಿತ್ತು. ಈಗ ಅದು ಶೇ. 50ರ ಆಸುಪಾಸಿನಲ್ಲಿದೆ, ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುತ್ತಿಲ್ಲ, 72 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಡುತ್ತಿದ್ದ ಎ.ಸಿ.ಯನ್ನು 76ಕ್ಕೆ ಏರಿಸಿದರೂ ಸೆಕೆ ಎನಿಸುವುದಿಲ್ಲ. ಯಂತ್ರ ಹೊರಬಿಡುವ ಶಾಖದಿಂದ ಅದರ ಸಮೀಪದ ಮಲಗುವ ಕೋಣೆ ಮಾತ್ರ ತುಸು ಬೆಚ್ಚಗಾಗುತ್ತಿದ್ದು, ಅದನ್ನು ಸರಿಪಡಿಸುವುದು ಇನ್ನೂ ಬಾಕಿಯಿದೆ.